ಗೋಪುರ ಬಿತ್ತು, ಗಂಟೆ ಉಳಿಯಿತು

ದಸರಾ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಹಳೆ ಗೋವಾಕ್ಕೆ ಹೋಗಿದ್ದೆ. ಹಿಂದೆ ಪೋರ್ಚುಗೀಸರ ರಾಜಧಾನಿಯಾಗಿದ್ದ ಊರು ಅದು. ದೊಡ್ಡ ಚರ್ಚುಗಳ ಮುಂದೆ ಪ್ರವಾಸಿಗರ ಗದ್ದಲ. ನಾವು ಪಕ್ಕದ ಗುಡ್ಡ ಹತ್ತಿದೆವು. ಅಲ್ಲಿ ಸಂತ ಅಗಸ್ಟೀನರ ಚರ್ಚಿನ ಗೋಪುರವೊಂದು ಅರ್ಧ ಮುರಿದು ಒಂಟಿಯಾಗಿ ನಿಂತಿದೆ.

1602ರಲ್ಲಿ ಈ ಚರ್ಚು ಸಿದ್ಧವಾದಾಗ ಇಂಥ ಗೋಪುರಗಳು ನಾಲ್ಕಿದ್ದವು. ಇದರ ಎತ್ತರ ಸುಮಾರು 46 ಮೀಟರ್. ಕಟ್ಟಿದ್ದು ಮುರಕಲ್ಲಿನಲ್ಲಿ. ಕರಾವಳಿಯ ನಮ್ಮ ಮನೆಗಳಿಗೂ ಇದೇ ಕೆಂಪು ಕಲ್ಲು.

"ಅಜ್ಜ, ಯಾರು ಕೆಡವಿದರು?" ಎಂದಳು ಮೊಮ್ಮಗಳು.

"ಯಾರೂ ಕೆಡವಲಿಲ್ಲ ಪುಟ್ಟಿ, ನೋಡಿಕೊಳ್ಳುವವರು ಇಲ್ಲವಾದರು" ಎಂದೆ.

ನಡೆದದ್ದು ಹಾಗೆಯೇ. ಸಾಂಕ್ರಾಮಿಕ ರೋಗಗಳಿಗೆ ಹೆದರಿ ಜನ ಮೊದಲೇ ಊರು ಬಿಡುತ್ತಿದ್ದರು. 1835ರಲ್ಲಿ ಪೋರ್ಚುಗೀಸ್ ಸರಕಾರ ಸನ್ಯಾಸಿಗಳ ಮಠಗಳನ್ನೂ ಮುಚ್ಚಿಸಿತು. ಸುಣ್ಣದ ಗಾರೆ ಇರುವವರೆಗೆ ಮುರಕಲ್ಲು ಮಳೆಗೆ ಜಗ್ಗದು. ಗಾರೆ ಉದುರಿದರೆ ನೀರು ಕುಡಿದು ಸವೆಯುತ್ತದೆ. 1842ರಲ್ಲಿ ಚರ್ಚಿನ ಕಮಾನು ಛಾವಣಿ ಕುಸಿಯಿತು. 1931ರಲ್ಲಿ ಮುಂಗೋಡೆಯೂ ಅರ್ಧ ಗೋಪುರವೂ ಬಿದ್ದವು.

ಮೊಮ್ಮಗಳು ತಲೆಯೆತ್ತಿ, "ಹಾಗಾದರೆ ಗಂಟೆ?" ಎಂದಳು. ಅದಕ್ಕೆ ಉತ್ತರ ಹೇಳದೆ ಅವಳನ್ನು ಪಣಜಿಯ ಬಸ್ಸು ಹತ್ತಿಸಿದೆ.

ಪಣಜಿಯ ಪೇಟೆಯ ನಡುವೆ ಹಾಲಿನಂತೆ ಬಿಳಿಯ ಚರ್ಚು, ಅದರ ಮುಂದೆ ಅತ್ತಿತ್ತ ಹೊರಳಿ ಏರುವ ಮೆಟ್ಟಿಲುಸಾಲು. ಇದು ಮಾತೆ ಮರಿಯಮ್ಮನ ಚರ್ಚು. 1541ರಲ್ಲಿ ಪುಟ್ಟ ಪ್ರಾರ್ಥನಾಲಯವಾಗಿದ್ದದ್ದನ್ನು 1619ರಲ್ಲಿ ದೊಡ್ಡದಾಗಿ ಕಟ್ಟಿದರು. ಲಿಸ್ಬನ್ನಿನಿಂದ ತಿಂಗಳುಗಟ್ಟಲೆ ಕಡಲಲ್ಲಿ ಬಂದ ನಾವಿಕರು ಮೊದಲು ಇಲ್ಲಿಗೆ ಬಂದು, ಜೀವ ಉಳಿಯಿತೆಂದು ಕೈಮುಗಿಯುತ್ತಿದ್ದರು.

"ಮೇಲೆ ನೋಡು" ಎಂದೆ. ನೆತ್ತಿಯ ಕಮಾನಿನಲ್ಲಿ ದೊಡ್ಡ ಗಂಟೆ ತೂಗುತ್ತಿತ್ತು. ಗುಡ್ಡದ ಮೇಲಿನ ಆ ಚರ್ಚಿನದೇ ಗಂಟೆ! ಮೊದಲು ಅದನ್ನು ಅಗುವಾದ ಕೋಟೆಯ ದೀಪಸ್ತಂಭಕ್ಕೆ ಒಯ್ದಿದ್ದರು. 1871ರಲ್ಲಿ ಇಲ್ಲಿಗೆ ತಂದು, ಭಾರ ತಾಳಲೆಂದು ಮುಂಗೋಡೆಯ ನಡುಭಾಗವನ್ನು ಭದ್ರಪಡಿಸಿ ತೂಗುಹಾಕಿದರು. ಗೋವಾದಲ್ಲಿ ಇದಕ್ಕಿಂತ ದೊಡ್ಡ ಗಂಟೆ ಒಂದೇ, ಹಳೆ ಗೋವಾದ ಸೆ ಕೆಥೆಡ್ರಲ್‌ನಲ್ಲಿ.

ಸಂಜೆ ಗಂಟೆ ಬಾರಿಸಿತು. ಮೆಟ್ಟಿಲ ಮೇಲೆ ಕೂತಿದ್ದ ನಮ್ಮ ಎದೆಯೊಳಗೂ ಅದರ ನಾದ ತುಂಬಿತು. ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜ, ಬೀಗ ಹಾಕಿದ ನಮ್ಮೂರ ಮನೆಯೂ ಮುರಕಲ್ಲಿನದೇ ಅಲ್ಲವಾ?" ಎಂದಳು.

ನನ್ನ ಗಂಟಲು ಕಟ್ಟಿತು. ಮರುದಿನ ನೇರ ಹುಬ್ಬಳ್ಳಿಗೆ ಮರಳುವ ಬದಲು ಅಂಕೋಲೆಯ ದಾರಿ ಹಿಡಿದೆವು. ಬೀಗ ತೆಗೆದೆವು. ಗೋಡೆಗೆ ಸುಣ್ಣ ಬಳಿಯುವಾಗ ಒಂದು ಕುಂಚ ಅವಳ ಕೈಯಲ್ಲೇ ಇತ್ತು.