ಚೀಟಿ ದುಡ್ಡು ಮತ್ತು ಮಗನ ಬಿ.ಕಾಂ.

ದ್ವಿತೀಯ ಪಿಯುಸಿ ಮುಗಿಸಿದ ಮಗ ಪುತ್ತೂರಿನಿಂದ ಬೋಟಿಮ್‌ನಲ್ಲಿ ಕರೆ ಮಾಡಿ, "ಇಂಜಿನಿಯರಿಂಗ್ ಬೇಡ ಅಪ್ಪಾ, ನಾನು ಬಿ.ಕಾಂ. ಮಾಡ್ತೇನೆ" ಅಂದ. ಶಾರ್ಜಾದ ಕೋಣೆಯಲ್ಲಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕಂಪ್ಯೂಟರ್ ಸೈನ್ಸ್ ಸೀಟಿಗೆಂದೇ ಐದು ವರ್ಷ ಚೀಟಿ ಕಟ್ಟಿದ್ದೆವು, ಎರಡು ಸಲ ಊರಿಗೆ ಹೋಗುವುದನ್ನೂ ಬಿಟ್ಟಿದ್ದೆವು. ಅವನಿಗೆ ಸೈನ್ಸ್ ಕೊಡಿಸಿದ್ದೂ ನಾವೇ. ಫಿಸಿಕ್ಸ್, ಗಣಿತ ಇಲ್ಲದೆ ಇಂಜಿನಿಯರಿಂಗ್ ಇಲ್ಲವಲ್ಲ. ಸೈನ್ಸ್ ಓದಿದವರಿಗೂ ಬಿ.ಕಾಂ. ಸಿಗುತ್ತದೆ ಅನ್ನೋದು ಆಗ ತಲೆಗೇ ಹೋಗಿರಲಿಲ್ಲ.

ಕೋಪ ಬಂತು, ಸುಳ್ಳು ಯಾಕೆ ಹೇಳಬೇಕು. ಎರಡು ದಿನ ಅವನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ನಾವಿಬ್ಬರೂ ಪ್ಯಾಕಿಂಗ್ ಕೆಲಸ ಮಾಡುವ ಗೋದಾಮಿನ ಆಫೀಸನ್ನೇ ಗಮನಿಸಿದೆವು. 2018ರಲ್ಲಿ ಇಲ್ಲಿ ಶೇ. 5 ವ್ಯಾಟ್ ಬಂದಾಗ, ಒಬ್ಬರೇ ಇದ್ದ ಅಕೌಂಟೆಂಟ್ ಪಕ್ಕ ಇನ್ನೊಂದು ಕುರ್ಚಿ ಬಿತ್ತು. 2023ರಲ್ಲಿ ಕಂಪನಿಗಳ ಲಾಭದ ಮೇಲೂ ತೆರಿಗೆ ಶುರುವಾಯಿತು, ಮೂರನೆಯದೂ ಬಿತ್ತು. ಮೂವರಿಗೂ ಇಡೀ ದಿನ ಕಂಪ್ಯೂಟರ್‌ನಲ್ಲೇ ಕೆಲಸ. ಅದನ್ನು ರಿಪೇರಿ ಮಾಡಲು ಬರುವ ಸಾಫ್ಟ್‌ವೇರ್ ಹುಡುಗನೋ, ವ್ಯಾಟ್ ಲೆಕ್ಕ ಹೇಗೆ ಅಂತ ಇವರನ್ನೇ ಕೇಳ್ತಾನೆ! ಹಾಗಾದರೆ ಯಾವ ಡಿಗ್ರಿ ದೊಡ್ಡದು?

ಮತ್ತೆ ಕರೆ ಮಾಡಿ, "ಬಿ.ಕಾಂ. ಯಾಕೆ ಮಗಾ?" ಅಂತ ಕೇಳಿದೆವು.

"ಅಜ್ಜನ ಅಡಿಕೆ ಲೆಕ್ಕ ಎರಡು ವರ್ಷದಿಂದ ನಾನೇ ಬರೆಯೋದು. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ.

ಎಕ್ಸೆಲ್, ಟ್ಯಾಲಿ ಜೊತೆಜೊತೆಗೇ ಕಲಿಯಬೇಕು ಅಂತ ಹೇಳಿ ಒಪ್ಪಿದೆವು. ಚೀಟಿ ದುಡ್ಡಿನಲ್ಲಿ ಮೊದಲು ಲ್ಯಾಪ್‌ಟಾಪ್. ಉಳಿದದ್ದರಲ್ಲಿ ನೀವು ಊರಿಗೆ ಬನ್ನಿ ಅಂತಾನೆ. ಮಂಗಳೂರಿನ ಟಿಕೆಟ್ ರೇಟು ನೋಡುತ್ತಿದ್ದೇವೆ.