ಸೋಲಿನ ಲೆಕ್ಕ

ಲಾಟರಿ ಅಂಗಡಿಗಳಿದ್ದ ಕಾಲ. ಹುಬ್ಬಳ್ಳಿಯ ದುರ್ಗದ ಬೈಲಿನ ಹಮಾಲನೊಬ್ಬ ದಿನಾ ಕೂಲಿಯಲ್ಲಿ ಹತ್ತು ರೂಪಾಯಿ ಒಂದಂಕಿ ಲಾಟರಿಗೆ ಇಡುತ್ತಿದ್ದ. ‘ಇರೂವು ಹತ್ತು ಅಂಕಿ. ಹತ್ತು ದಿನ ಆಡಿದ್ರ ಒಮ್ಮೆರ ಹತ್ತsಬೇಕಲ್ಲ?’ ಎಂಬುದು ಅವನ ಲೆಕ್ಕ.

ಧಾರವಾಡದಲ್ಲಿ ಪಿಯುಸಿ ಓದುತ್ತಿದ್ದ ಮಗಳು ಹೇಳಿದಳು: ‘ಯಪ್ಪಾ, ಗೆಲ್ಲೂದು ಬಿಡು, ಸೋಲೂದು ಎಣಸು.’

ಒಂದು ದಿನ ಸೋಲುವ ಸಂಭವನೀಯತೆ 0.9. ಹತ್ತೂ ದಿನ ಸೋಲುವುದಕ್ಕೆ 0.9ನ್ನು ಹತ್ತು ಸಲ ಇಟ್ಟು ಗುಣಿಸಬೇಕು, ಸುಮಾರು 0.35. ಅದನ್ನು ಒಂದರಲ್ಲಿ ಕಳೆದರೆ ಒಮ್ಮೆಯಾದರೂ ಗೆಲ್ಲುವ ಸಂಭವನೀಯತೆ: 0.65. ಇದೇ ಪೂರಕ ಘಟನೆಯ ನಿಯಮ. ಹೀಗೆ ಆಡುವ ನೂರು ಜನರಲ್ಲಿ ಸರಾಸರಿ 35 ಜನ ಹತ್ತೂ ದಿನ ಬರಿಗೈ!

‘ಹಂಗಾದ್ರ ಹನ್ನೊಂದನೇ ದಿನ?’

‘ಅವತ್ತೂ ಸೋಲು 0.9. ಅಂಕಿಗೆ ನಿನ್ನೆ ನೆನಪಿರಂಗಿಲ್ಲ.’

ಕರ್ನಾಟಕದಲ್ಲಿ ಲಾಟರಿ ನಿಷೇಧವಾದದ್ದು 2007ರಲ್ಲಿ. ಆ ಮನೆಯಲ್ಲಿ ಅದಕ್ಕೂ ಮೊದಲೇ ನಿಂತಿತ್ತು.