ಮಲ್ಪೆಯ ಕಡಲಿನಿಂದ ಕೃಷ್ಣೆಯ ಹಿನ್ನೀರಿಗೆ

ನೀರಿನ ಮೇಲೆ ದೋಣಿ ಮನುಷ್ಯನನ್ನು ಹೊರುತ್ತದೆ. ನೆಲದ ಮೇಲೆ ಮನುಷ್ಯನೇ ದೋಣಿಯನ್ನು ಹೊರಬೇಕಾಗುತ್ತದೆ. ಈ ಸಣ್ಣ ಸತ್ಯ ನಮ್ಮ ಅರಿವಿಗೆ ಬಂದದ್ದು 2025ರ ಜೂನ್ ತಿಂಗಳ ಮೊದಲ ವಾರದಲ್ಲಿ, ಮಲ್ಪೆಯ ಕಡಲ ತಡಿಯಲ್ಲಿ, ಹೊಸ ದೋಣಿಯೊಂದರ ಬೆಲೆಯನ್ನು ಪೂರ್ತಿಯಾಗಿ ಸಲ್ಲಿಸಿ ಮುಗಿಸಿದ ಮೇಲೆ.

ನಮ್ಮ ಊರು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ, ಆಲಮಟ್ಟಿ ಜಲಾಶಯದ ಹಿನ್ನೀರಿನ ದಂಡೆಯಲ್ಲಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಈ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಸಮರ್ಪಿಸಿದರು. ನೀರಿನ ಮಟ್ಟ 519.60 ಮೀಟರ್ ಮುಟ್ಟಿದಾಗ ಅದು 123 ಟಿ.ಎಂ.ಸಿ. ನೀರನ್ನು ತನ್ನ ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರಿನಿಂದ ಎಷ್ಟೋ ಒಣಭೂಮಿ ಹಸಿರಾಯಿತು. ನಮ್ಮ ಹಳೆಯ ಊರು ಮಾತ್ರ ಅದರ ತಳದಲ್ಲಿ ಉಳಿಯಿತು. ಪುನರ್ವಸತಿ ಕೇಂದ್ರದಲ್ಲಿ ನಾವು ಹೊಸ ಮನೆ ಕಟ್ಟಿಕೊಂಡೆವು. ಆದರೆ ಮುಳುಗದೆ ಉಳಿದ ಎತ್ತರದ ಹೊಲಗಳು ಪ್ರತಿ ಮಳೆಗಾಲದಲ್ಲಿಯೂ ನಡುಗಡ್ಡೆಗಳಾಗುತ್ತವೆ. ಅಲ್ಲಿಗೆ ಹೋಗಿಬರಲು ನಮಗಿದ್ದ ಸಾಧನ ಹರಿಗೋಲೊಂದೇ.

ಹಿಂದಿನ ವರ್ಷದ ಶ್ರಾವಣದಲ್ಲಿ ಮೇವಿನ ಹೊರೆಗಳೊಡನೆ ಮರಳುತ್ತಿದ್ದ ಐವರು ಹೆಣ್ಣುಮಕ್ಕಳಿದ್ದ ಹರಿಗೋಲು ಗಾಳಿಗೆ ಮಗುಚಿತು. ಸಮೀಪದಲ್ಲಿ ಬಲೆ ಬೀಸುತ್ತಿದ್ದವರು ಧಾವಿಸಿ ಬಂದುದರಿಂದ ಐವರೂ ಬದುಕಿ ಉಳಿದರು. ಅವರಲ್ಲೊಬ್ಬರು ನಮ್ಮ ಅತ್ತಿಗೆಯವರು. ಅಂದಿನಿಂದ ಅವರು ತಮ್ಮ ಕೈಯಾರೆ ಬೆಳೆಸಿದ ಹೊಲದ ಕಡೆಗೆ ಕಾಲಿಡಲಿಲ್ಲ. ಆ ವರ್ಷವೇ ಊರಿನ ಮನೆಗಳವರೆಲ್ಲ ಕೂಡಿ, ಶಕ್ತ್ಯನುಸಾರ ಹಣ ಹಾಕಿ, ಭದ್ರವಾದ ದೋಣಿಯೊಂದನ್ನು ತರುವ ಸಂಕಲ್ಪ ಮಾಡಿದರು.

ಆ ಕಾರ್ಯಕ್ಕೆ ಮಲ್ಪೆಗೆ ಹೊರಟವರು ಮೂವರು: ನಾವು, ನಮ್ಮ ತಮ್ಮನ ಮಗ, ಮತ್ತು ಹರಿಗೋಲು ಹಾಕುವುದರಲ್ಲಿಯೇ ಆಯುಷ್ಯ ಸವೆಸಿದ ಊರಿನ ಅಂಬಿಗರ ಹಿರಿಯರೊಬ್ಬರು. 24 ಅಡಿ ಉದ್ದ, ಆರೂವರೆ ಅಡಿ ಅಗಲದ ಫೈಬರ್ ದೋಣಿಯನ್ನು ಆ ಹಿರಿಯರು ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ನೋಡಿ ಒಪ್ಪಿದರು. ಬೆಲೆ ತೀರ್ಮಾನವಾಯಿತು, ಹಣ ಸಂದಿತು. ಆಗ ದೋಣಿ ಕಟ್ಟಿದ ಮೇಸ್ತ್ರಿ ನಮ್ಮನ್ನು ಕೇಳಿದರು: “ಸರಿ, ಇದನ್ನು ಹೇಗೆ ಕೊಂಡುಹೋಗ್ತೀರಿ?”

ನಿಜ ಹೇಳಬೇಕೆಂದರೆ, ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಸಾಗಣೆಗೆಂದು ಪ್ರತ್ಯೇಕವಾಗಿ ಒಂದು ರೂಪಾಯಿಯನ್ನೂ ತೆಗೆದಿರಿಸಿರಲಿಲ್ಲ. ಲಾರಿ ಸಿಕ್ಕೀತು, ಹೇರಿಕೊಂಡು ಹೋದರಾಯಿತು ಎಂಬ ಭಾವನೆ. ಮಲ್ಪೆಯಿಂದ ನಮ್ಮೂರಿಗೆ ಸುಮಾರು 450 ಕಿಲೋಮೀಟರು ದಾರಿ. ನಡುವೆ ಘಟ್ಟ, ಮೇಲೆ ಮುಂಗಾರು. ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಜಲಾಶಯ ತುಂಬುವುದರೊಳಗೆ ದೋಣಿ ಊರು ಸೇರಬೇಕು.

ಪೇಟೆಯಲ್ಲಿ ವಿಚಾರಿಸಿ, ದೂರವಾಣಿಯಲ್ಲಿಯೇ ಬಾಡಿಗೆ ಮಾತನಾಡಿ, ಮುಂಗಡ ಕೊಟ್ಟು ಒಂದು ಲಾರಿಯನ್ನು ಗೊತ್ತುಮಾಡಿದೆವು. ಮರುದಿನ ಬಂದ ಲಾರಿಯ ಹಾಸು 19 ಅಡಿ ಮಾತ್ರ ಇತ್ತು. ದೋಣಿಯ ಮೂತಿಯನ್ನು ಚಾಲಕನ ಕೋಣೆಯ ಮೇಲಕ್ಕೆ ಎತ್ತಿ ಕಟ್ಟಿದರೆ ಸಾಕೆಂದು ಬಂದವರು ಹೇಳಿದರು. ಅವಸರದಲ್ಲಿದ್ದ ನಾವು ತಲೆಯಾಡಿಸಿದೆವು. ಮೇಸ್ತ್ರಿ ಮಾತ್ರ ಒಪ್ಪಲಿಲ್ಲ.

“ಇದು ಅಕ್ಕಿ ಮೂಟೆ ಅಲ್ಲ ಮಾರಾಯ್ರೆ. ಮೂತಿ ಮೇಲೆ ಮಾಡಿ ಕಟ್ಟಿದ್ರೆ ಘಟ್ಟ ಹತ್ತುವಾಗ ಇದರ ಬೆನ್ನೇ ಮುರೀತದೆ. ನೀವು ದುಡ್ಡು ಕೊಟ್ಟಾಗಿದೆ, ದೋಣಿ ನಿಮ್ಮದೇ. ಆದ್ರೂ ಈ ಲಾರಿಗೆ ನಾನು ಹಾಕುದಿಲ್ಲ.”

ಹಣ ಕೈಸೇರಿದ ಮೇಲೂ ತಾನು ಮಾಡಿದ ವಸ್ತುವಿನ ಕ್ಷೇಮದ ಹೊಣೆ ಹೊರುವವರು ವಿರಳ. ಕಾಯಕವೆಂಬ ಮಾತನ್ನು ನಾವು ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅಂದು ಕಣ್ಣಾರೆ ಕಂಡೆವು. ದೋಣಿ ನಡೆಸುತ್ತಲೇ ಶರಣನಾದ ಅಂಬಿಗರ ಚೌಡಯ್ಯನನ್ನು ನೆನೆದು ನಮ್ಮ ಜೊತೆಯ ಹಿರಿಯರು ಮೇಸ್ತ್ರಿಯವರಿಗೆ ಕೈಮುಗಿದರು. ಲಾರಿ ಮರಳಿಹೋಯಿತು. ಮುಂಗಡದಲ್ಲಿ ಅರ್ಧ ಮಾತ್ರ ನಮಗೆ ತಿರುಗಿ ಬಂತು.

ಸಾಗಣೆಯ ಪಾಠವನ್ನು ಅನಂತರ ಮೇಸ್ತ್ರಿಯವರಿಂದಲೇ ಕಲಿತೆವು. ದೋಣಿಯ ತೂಕ ಒಂದು ಟನ್ನಿಗೂ ಕಡಿಮೆ. ತೊಡಕು ಇರುವುದು ಅದರ ಆಕಾರದಲ್ಲಿ. ಆದುದರಿಂದ ಮೊದಲು ಅಳತೆ, ಬಾಡಿಗೆಯ ಮಾತು ಆಮೇಲೆ. ತುದಿಯಿಂದ ತುದಿಗೆ ಉದ್ದ, ಅತಿ ಅಗಲವಾದೆಡೆಯ ಅಗಲ, ಲಾರಿಯ ಮೇಲೆ ಕುಳಿತಾಗ ನೆಲದಿಂದ ಎತ್ತರ, ಈ ಮೂರನ್ನೂ ಬರೆದುಕೊಳ್ಳಬೇಕು. ನಮ್ಮ ದೇಶದ ನಿಯಮದಂತೆ ಸಾಮಾನ್ಯ ವಾಹನದ ಅಗಲ 2.6 ಮೀಟರು ಮೀರಕೂಡದು. ಹೇರು ಹೊರಚಾಚಿದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ 20,000 ರೂಪಾಯಿ ದಂಡವನ್ನು ಹೇಳುತ್ತದೆ. ಹೆಚ್ಚಿನ ಭಾಗವನ್ನು ಇಳಿಸುವ ಖರ್ಚೂ ನಮ್ಮದೇ. ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲು ಬೇಕು. ಸಾಧಾರಣ ಹೇರಿಗೆ ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನ. ಅಳತೆ ಮೀರಿದ ಹೇರೆಂದು ನಮೂದಾದರೆ 20 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ದೋಣಿ ಮಾರಿದವರೇ ಆ ಬಿಲ್ಲನ್ನು ಮಾಡಿಕೊಟ್ಟರು. ನಮಗೆ ಮೂರು ದಿನ ದೊರೆಯಿತು. ಲಾರಿಯ ವಿಮೆ ಲಾರಿಗೆ ಮಾತ್ರ. ಹೇರಿದ ಸರಕಿಗೆ ಬೇರೆಯೇ ಸಾಗಣೆ ವಿಮೆ ಮಾಡಿಸಬೇಕೆಂಬುದೂ ಆಗಲೇ ತಿಳಿಯಿತು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಡಲಿಗಿಳಿಯುವ ಎಷ್ಟೋ ದೋಣಿಗಳು ಆಗ ದುರಸ್ತಿಗಾಗಿ ದಡಕ್ಕೆ ಬರುತ್ತವೆ. ಹೀಗಾಗಿ ಕ್ರೇನು ಸಿಗಲು ಎರಡು ದಿನ ಕಾಯಬೇಕಾಯಿತು. ಆ ಎರಡು ದಿನಗಳಲ್ಲಿಯೇ ನಮ್ಮ ಭಾಗ್ಯವೂ ತೆರೆಯಿತು. ವಿಜಯಪುರದ ಕಡೆಯಿಂದ ಈರುಳ್ಳಿ ತಂದು ಇಳಿಸಿ ಬರಿದಾಗಿ ಮರಳಲಿದ್ದ ಲಾರಿಯೊಂದು ದೊರೆಯಿತು. ಹಾಸು 24 ಅಡಿಗೂ ತುಸು ಹೆಚ್ಚು. ಈ ಸಲ ಟೇಪು ಹಿಡಿದು ಎರಡೆರಡು ಬಾರಿ ಅಳೆದೆವು. ಬರಿಗೈಯಲ್ಲಿ ಹಿಂದಿರುಗುವ ಗಾಡಿಯಾದುದರಿಂದ ಬಾಡಿಗೆಯೂ ಹಗುರವಾಯಿತು.

ಹೇರುವ ಕೆಲಸಕ್ಕೆ ಒಂದು ಮುಂಜಾವು ಪೂರ್ತಿ ಹಿಡಿಯಿತು. ಯಂತ್ರವನ್ನು ಕಳಚಿ ಬೇರೆಯಾಗಿ ಕಟ್ಟಿದರು. ಇಂಧನದ ತೊಟ್ಟಿಯನ್ನು ಬರಿದುಮಾಡಿದರು. ದೋಣಿಯ ಭಾರವೆಲ್ಲ ಅದರ ಬೆನ್ನೆಲುಬಿನ ಮೇಲೆಯೇ ಬೀಳುವಂತೆ ಹಾಸಿನ ಮೇಲೆ ಮರದ ದಿಮ್ಮಿಗಳನ್ನಿಟ್ಟರು. ಪಕ್ಕಗಳಿಗೆ ಹಳೆಯ ಟೈರು, ಭತ್ತದ ಹೊಟ್ಟಿನ ಚೀಲಗಳ ಆಸರೆ ಕೊಟ್ಟರು. ಅಗಲವಾದ ಎರಡು ಪಟ್ಟಿಗಳಲ್ಲಿ ತೂಗಿ, ಅಂಚುಗಳು ಒಳಕ್ಕೆ ಅಮುಕದಂತೆ ನಡುವೆ ಅಡ್ಡಮರ ಕೊಟ್ಟು, ಕ್ರೇನು ದೋಣಿಯನ್ನು ಮೆಲ್ಲಗೆ ಇಳಿಸಿತು. ಕಡೆಯಲ್ಲಿ ಮೇಸ್ತ್ರಿ ಹಿಂಬದಿಯ ತಳದಲ್ಲಿದ್ದ ಬಿರಡೆಯನ್ನು ತಿರುಗಿಸಿ ತೆಗೆದು ನಮ್ಮ ಕೈಗಿತ್ತರು. ದಾರಿಯಲ್ಲಿ ಮಳೆನೀರು ಒಳಗೆ ನಿಂತು ಭಾರವಾಗದೆ ಆ ರಂಧ್ರದಿಂದ ಹರಿದುಹೋಗಲೆಂದು ಹಾಗೆ ಮಾಡುವುದು. ನಾವು ಅದನ್ನು ಕೈಚೀಲದ ತಳದಲ್ಲಿಟ್ಟುಕೊಂಡೆವು.

ಲಾರಿ ಉತ್ತರಕ್ಕೆ ಹೊರಟಿತು. ಸ್ವರ್ಣೆ, ಸೀತೆ, ಕುಂದಾಪುರದ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ಮುಂದೆ ಅಘನಾಶಿನಿ, ಗಂಗಾವಳಿ! ನೀರಿಗಾಗಿಯೇ ಹುಟ್ಟಿದ ದೋಣಿ ಇಷ್ಟು ಹೊಳೆಗಳನ್ನು ಸೇತುವೆಯ ಮೇಲೆ, ಒಂದು ಹನಿಯನ್ನೂ ಮುಟ್ಟದೆ ದಾಟಿತು. 2024ರ ಜುಲೈ 16ರಂದು ಗುಡ್ಡ ಕುಸಿದು ಜೀವಹಾನಿಯಾದ ಶಿರೂರಿನಲ್ಲಿ ಲಾರಿಯೊಳಗೆ ಮಾತು ತಾನಾಗಿಯೇ ನಿಂತಿತು.

ಅಂಕೋಲೆ ತಲುಪಿದಾಗ ಸಂಜೆ. ಚಾಲಕ ಗಾಡಿ ನಿಲ್ಲಿಸಿದ. “ಕಾಕಾರ, ಈ ಮಳ್ಯಾಗ ಕತ್ತಲದಾಗ ಘಾಟ ಹತ್ತೂದು ಬ್ಯಾಡ್ರಿ. ಹಗ್ಗ ಸಡ್ಲಾದ್ರ ಗೊತ್ತಾಗಂಗಿಲ್ಲ” ಎಂದ. ಒಂದು ದಿನ ತಡವಾಗುವುದೆಂದು ನಮಗೆ ಚಡಪಡಿಕೆ. ಆದರೂ ಅವನ ಮಾತನ್ನು ಮನ್ನಿಸಿದೆವು.

ಮರುದಿನ ಬೆಳಗ್ಗೆ ಅರಬೈಲು ಘಟ್ಟದ ನಡುವೆ ಹಿಂದಿನಿಂದ ಏನೋ ಉಜ್ಜಿದ ಸದ್ದು. ಇಳಿದು ನೋಡಿದರೆ ದೋಣಿ ನಾಲ್ಕು ಬೆರಳಷ್ಟು ಸರಿದು, ಅದರ ಪಕ್ಕ ಲಾರಿಯ ಕಬ್ಬಿಣಕ್ಕೆ ತಾಗುತ್ತಿತ್ತು. ತಪ್ಪು ನಮ್ಮದೇ. ಬಿಗಿಯುವ ಪಟ್ಟಿಗಳನ್ನು ಕೊಳ್ಳಿರೆಂದು ಮೇಸ್ತ್ರಿ ಹೇಳಿದ್ದರೂ ಖರ್ಚು ಉಳಿಸಲು ಎರಡು ಕಡೆ ನೈಲಾನ್ ಹಗ್ಗವನ್ನೇ ಕಟ್ಟಿಸಿದ್ದೆವು. ನೆನೆದ ನೈಲಾನು ಹಿಗ್ಗುತ್ತದೆ. ರಾತ್ರಿಯ ಕತ್ತಲಲ್ಲಿ ಇದೇ ಆಗಿದ್ದರೆ ಯಲ್ಲಾಪುರ ಮುಟ್ಟುವಷ್ಟರಲ್ಲಿ ದೋಣಿಯ ಪಕ್ಕೆ ಸವೆದು ತೂತಾಗುತ್ತಿತ್ತು. ಸುರಿಯುವ ಮಳೆಯಲ್ಲಿ ದಿಮ್ಮಿಯನ್ನು ಸರಿಪಡಿಸಿ, ಟೈರು ಸೇರಿಸಿ, ಹಗ್ಗ ಬಿಗಿದೆವು. ಮೇಲ್ಪದರಕ್ಕೆ ಗೀರು ಬಿದ್ದುದಷ್ಟೇ ನಷ್ಟ. ಅಲ್ಲಿಂದ ಮುಂದೆ ಇಪ್ಪತ್ತು ಕಿಲೋಮೀಟರಿಗೊಮ್ಮೆ ನಿಂತು ಕಟ್ಟುಗಳನ್ನು ಮುಟ್ಟಿ ನೋಡುವುದು ನಿಯಮವಾಯಿತು.

ಕಲಘಟಗಿ ದಾಟುತ್ತಲೇ ಮಳೆ ಹಿಂದುಳಿಯಿತು. ಹುಬ್ಬಳ್ಳಿಯಾಚೆ ನವಲಗುಂದ, ನರಗುಂದದ ಎರೆಭೂಮಿ. ಹೆಸರು ಬಿತ್ತುವ ಕಾಲ. ಕಣ್ಣೆಟುಕುವವರೆಗೂ ಕರಿಯ ಹೊಲ, ಅದರ ನಡುವೆ ಸಾಗುವ ನೀಲಿ ದೋಣಿ. ಕೂರಿಗೆ ಹಿಡಿದವರು ಎತ್ತು ನಿಲ್ಲಿಸಿ ನೋಡಿದರು. ಚಹಾದ ಅಂಗಡಿಯಲ್ಲಿ ಮುದುಕರೊಬ್ಬರು, “ಯಾ ಕಡೆ ಹೊಳಿ ಬಂದೈತ್ರೀ? ನಮಗ ಸುದ್ದೀನ ಇಲ್ಲ!” ಎಂದಾಗ ಎರಡು ದಿನಗಳಲ್ಲಿ ಮೊದಲ ಬಾರಿಗೆ ನಕ್ಕೆವು. ಕೊಣ್ಣೂರಿನ ಹತ್ತಿರ ಮಲಪ್ರಭೆ, ಅನಗವಾಡಿಯಲ್ಲಿ ಘಟಪ್ರಭೆ ದಾಟಿ ಊರು ಸೇರಿದಾಗ ದೀಪ ಹಚ್ಚುವ ಹೊತ್ತು. ಮಲ್ಪೆಯಲ್ಲಿಯೇ ಹೇರಿನ ಎತ್ತರಕ್ಕೆ ಕತ್ತರಿಸಿ ತಂದಿದ್ದ ಬಿದಿರುಕೋಲು ಊರ ಕಮಾನಿನ ಕೆಳಗೆ ಉಪಯೋಗಕ್ಕೆ ಬಂತು. ಒಂದು ಗೇಣು ತೆರಪಿತ್ತು.

ನಮ್ಮಲ್ಲಿ ಕ್ರೇನು ಇಲ್ಲ. ಮರುದಿನ ಬೆಳಗ್ಗೆ ಲಾರಿಯನ್ನು ದಂಡೆಯ ದಿಬ್ಬಕ್ಕೆ ಹಿಮ್ಮುಖವಾಗಿ ತಾಗಿಸಿ, ಟೈರುಗಳ ಮೇಲೆ ದೋಣಿಯನ್ನು ಕೈಯಿಂದಲೇ ಜಾರಿಸಿ ಇಳಿಸಿದೆವು. ಯಂತ್ರ ಕೂಡಿಸಲಾಯಿತು, ಪೂಜೆ ಆಯಿತು, ಕಾಯಿ ಒಡೆದರು. ನೀರಿಗೆ ನೂಕಲು ಯುವಕರು ಭುಜ ಕೊಟ್ಟು ನಿಂತರು. ಆಗ ಅತ್ತಿಗೆಯವರು ತುಂಬಿದ ಕೊಡವೊಂದನ್ನು ಹೊತ್ತು ಬಂದರು.

“ಏನಪಾ, ಹೊಸಾ ಕೊಡಾ ತಂದ್ರ ಮದ್ಲ ಏನ್ ಮಾಡ್ತೀವಿ? ನೀರ ಹಾಕಿ ಸೋರ್ತೈತೋ ಇಲ್ಲೋ ನೋಡ್ತೀವಿ” ಎಂದು ಕೊಡವನ್ನು ದೋಣಿಯೊಳಗೆ ಬಗ್ಗಿಸಿದರು. ಕೆಲವರು ನಕ್ಕರು. ಕ್ಷಣಮಾತ್ರದಲ್ಲಿ ದೋಣಿಯ ಹಿಂಬದಿಯ ತಳದಿಂದ ಬೆರಳು ಗಾತ್ರದ ನೀರಿನ ಧಾರೆ ಹೊರಗೆ ಸುರಿಯತೊಡಗಿತು.

ನಮ್ಮ ಎದೆ ಧಸಕ್ಕೆಂದಿತು. ಬಿರಡೆ ಇನ್ನೂ ನಮ್ಮ ಕೈಚೀಲದ ತಳದಲ್ಲಿಯೇ ಇತ್ತು! ಅಷ್ಟು ಅಳತೆ, ಅಷ್ಟು ಎಚ್ಚರ, ಅಷ್ಟು ದೂರದ ಪಯಣ; ಕಡೆಯಲ್ಲಿ ಅಂಗೈಯಲ್ಲಿ ಅಡಗುವ ವಸ್ತುವನ್ನು ಮರೆತಿದ್ದೆವು. ಮಕ್ಕಳನ್ನು ಕೂರಿಸಿಕೊಂಡು ನಡುನೀರಿಗೆ ಹೋದ ಮೇಲೆ ತಿಳಿದಿದ್ದರೆ ಆಗುತ್ತಿದ್ದುದನ್ನು ಇಂದಿಗೂ ನೆನೆಯಲಾರೆವು.

ಯಂತ್ರಚಾಲಿತ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ನೋಂದಣಿ, ತಪಾಸಣೆಗಳು ಕಡ್ಡಾಯ. ಅವು ಮುಗಿದು, ಎಲ್ಲರಿಗೂ ಜೀವರಕ್ಷಕ ಅಂಗಿಗಳು ಬಂದ ಬಳಿಕ ಶ್ರಾವಣದಲ್ಲಿ ದೋಣಿ ಹೊಲದ ದಾರಿ ಹಿಡಿಯಿತು. ನಮ್ಮಂತೆ ದೊಡ್ಡ ವಸ್ತುವನ್ನು ದೂರದಿಂದ ತರಹೊರಟ ಬಂಧುಗಳಿಗೆ ನಮ್ಮ ವಿನಂತಿ ಇಷ್ಟೇ: ಕೊಳ್ಳುವ ಮೊದಲೇ ತರುವ ದಾರಿಯನ್ನು ಲೆಕ್ಕಹಾಕಿರಿ, ಬಲ್ಲವರ ಮಾತಿಗೆ ಬೆಲೆ ಕೊಡಿರಿ, ಕಳಚಿದ ಪ್ರತಿಯೊಂದು ವಸ್ತುವನ್ನೂ ಚೀಟಿಯಲ್ಲಿ ಬರೆದುಕೊಳ್ಳಿರಿ.

ಅತ್ತಿಗೆಯವರು ಈಗ ಹೊಲಕ್ಕೆ ಹೋಗಿಬರುತ್ತಾರೆ. ಹತ್ತುವ ಮುನ್ನ ದಂಡೆಯಲ್ಲಿ ನಿಂತು ಪ್ರತಿಸಲವೂ ಒಂದೇ ಪ್ರಶ್ನೆ ಕೇಳುತ್ತಾರೆ: “ಬಿರಡಿ ಹಾಕೀರೇನು?” ಉತ್ತರ ಬಂದ ಮೇಲೆಯೇ ಅವರ ಕಾಲು ದೋಣಿಗೆ.